ಮೇಸ್ತ್ರಿಯ ಸಂಬಳವೂ ನನ್ನ ನಿದ್ದೆಯೂ

ಪತ್ತನಾಜೆ ಬಂತೆಂದರೆ ನಮ್ಮ ಕಡೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಚೀಚೆ. ಅಲ್ಲಿಂದ ಮುಂದೆ ಆಟವಿಲ್ಲ, ಕೋಲವಿಲ್ಲ, ಬರೀ ಮಾತು. ಯಾವ ವೇಷಧಾರಿ ಬರುವ ವರ್ಷ ಯಾವ ಮೇಳಕ್ಕೆ, ಎಷ್ಟಕ್ಕೆ ಎಂಬ ಸುದ್ದಿ ಪುತ್ತೂರಿನ ಹೋಟೆಲುಗಳಲ್ಲಿ ಚಹಾದ ಜೊತೆ ಓಡಾಡುವುದು ಆಗಲೇ. ಈ ಸಲ ಅದರ ನಡುವೆ ಇನ್ನೊಂದು ಸುದ್ದಿ ತೇಲಿ ಬಂತು: ನಮ್ಮ ಮೇಸ್ತ್ರಿಯನ್ನು ಸುಳ್ಯದ ಕಡೆಯವರು ಯಾರೋ ಕರೆದಿದ್ದಾರಂತೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನದು ಪುತ್ತೂರು ಪೇಟೆಯಿಂದ ಸ್ವಲ್ಪ ಹೊರಗೆ ಒಂದು ಲೇತ್ ಶಾಪು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಒಂದು ವೆಲ್ಡಿಂಗ್ ಸೆಟ್ಟು, ಇಬ್ಬರು ಹುಡುಗರು, ಒಬ್ಬರು ಮೇಸ್ತ್ರಿ, ಬಿಲ್ಲು ಬರೆಯಲಿಕ್ಕೆ ನಾನು. ಬೋರ್ಡಿನಲ್ಲಿ 'ಇಂಜಿನಿಯರಿಂಗ್ ವರ್ಕ್ಸ್' ಎಂದಿದೆ. ಇಂಜಿನಿಯರಿಂಗ್ ಮೇಸ್ತ್ರಿಯದು, ವರ್ಕ್ಸ್ ಹುಡುಗರದು, ಬೋರ್ಡು ನನ್ನದು. ಕಡಬದ ಅಡಿಕೆ ಸುಲಿಯುವ ಮಿಷನ್ನು, ಸುಳ್ಯದ ರಬ್ಬರ್ ಶೀಟಿನ ರೋಲರು, ಪುತ್ತೂರಿನ ಮದ್ದು ಬಿಡುವ ಪಂಪು, ಹೀಗೆ ಮೂರು ತಾಲೂಕಿನ ಸವೆತವೆಲ್ಲ ನಮ್ಮ ಬಾಗಿಲಿಗೆ ಬರುತ್ತದೆ. ಬರುವ ಮೊದಲು ಫೋನು ಬರುತ್ತದೆ: "ಮೇಸ್ತ್ರಿ ಉಂಟಾ?" ನಾನಿದ್ದೇನೆ, ಬನ್ನಿ ಎಂದರೆ, "ಅಲ್ಲ ಮಾರಾಯ್ರೇ, ಮೇಸ್ತ್ರಿ ಉಂಟಾ?" ಮೇಳದಲ್ಲಿ ಭಾಗವತರು ಪದ ನಿಲ್ಲಿಸಿದರೆ ಯಜಮಾನ ಚೌಕಿಯಲ್ಲಿದ್ದು ಪ್ರಯೋಜನವೇನು?

ದಿನಕ್ಕೆ 950 ಕೊಡುತ್ತಿದ್ದೆ. ಅವರು ಯಾವತ್ತೂ ಹೆಚ್ಚು ಕೇಳಿದವರಲ್ಲ. ಕೇಳದವರಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ. ಕೇಳಿದರೆ ಆಗುವುದಿಲ್ಲ ಎಂದಾದರೂ ಹೇಳಬಹುದು.

ಮೊದಲು ಕಾನೂನು ನೋಡಿದೆ. ಪಿಎಫ್ ಕಡ್ಡಾಯವಾಗಲು 20 ಜನ ಬೇಕು, ಇಎಸ್‌ಐಗೆ 10. ನಮ್ಮಲ್ಲಿ ನನ್ನನ್ನು ಸೇರಿಸಿ ನಾಲ್ಕು, ಅಂಗಳದ ನಾಯಿಯನ್ನು ಸೇರಿಸಿದರೆ ಐದು. ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ಮೆಟ್ಟಿಲುಗಳಿವೆ. ಐಟಿಐ ಮೆಟ್ಟಿಲನ್ನೇ ಹತ್ತದ ನಮ್ಮ ಮೇಸ್ತ್ರಿಯನ್ನು ಯಾವುದರ ಮೇಲೆ ನಿಲ್ಲಿಸುವುದು? 1948ರಲ್ಲಿ ನ್ಯಾಯಯುತ ವೇತನ ಎಂದರೇನೆಂದು ಹೇಳಲು ಒಂದು ಸಮಿತಿಯೇ ಕೂತಿತ್ತು. ಕೆಳಗೆ ಕನಿಷ್ಠ ವೇತನ, ಮೇಲೆ ಉದ್ದಿಮೆಯ ಕೊಡುವ ಶಕ್ತಿ, ನ್ಯಾಯ ಇವೆರಡರ ನಡುವೆ ಎಲ್ಲೋ ಇದೆ ಎಂದು ಅದು ಹೇಳಿತು. 'ಎಲ್ಲೋ' ಇದೆ ಎಂಬುದು ನನಗೂ ಗೊತ್ತಿತ್ತು.

1957ರ ಕಾರ್ಮಿಕ ಸಮ್ಮೇಳನದವರು ಹೆಚ್ಚು ಶಿಸ್ತಿನವರು. ಒಂದು ಸಂಸಾರವೆಂದರೆ ಮೂರು ಘಟಕ, ಘಟಕಕ್ಕೆ ದಿನಕ್ಕೆ 2700 ಕ್ಯಾಲರಿ, ಇಡೀ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಮೇಲೆ ಸೌದೆ ದೀಪಕ್ಕೆಂದು ನೂರಕ್ಕೆ 20. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಮದ್ದು, ಮದುವೆಗಳಿಗೆಂದು ಇನ್ನೂ 25 ಸೇರಿಸಿತು. ಕುಚ್ಚಲಕ್ಕಿಯ ರೇಟು, ಬಂಗುಡೆಯ ರೇಟು ಹಿಡಿದು ಕೂಡಿಸಲು ಕೂತೆ. "72 ಗಜ ಎಂತಕ್ಕೆ? ಮೇಸ್ತ್ರಿ ಬಣ್ಣದ ವೇಷ ಮಾಡ್ತಾರಾ?" ಎಂದು ಹೆಂಡತಿ ಕೇಳಿದಳು. ಮೊತ್ತ ನಾನು ಕೊಡುವುದಕ್ಕಿಂತ ಹೆಚ್ಚೇ ಬಂತು. ತಪ್ಪಿರಬಹುದೆಂದು ಎರಡನೇ ಸಲ ಕೂಡಿಸಿದೆ. ಇನ್ನೂ 20 ರೂಪಾಯಿ ಹೆಚ್ಚಾಯಿತು. ಮೂರನೇ ಸಲ ಕೂಡಿಸಲು ಧೈರ್ಯ ಬರಲಿಲ್ಲ.

ಪೇಟೆಯ ದರ ಕೇಳೋಣವೆಂದರೆ ಅದೂ ತಾಳೆಯಾಗುವುದಿಲ್ಲ. ಬೈಕಂಪಾಡಿಯಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಕಂಪ್ಯೂಟರು ನಡೆಸುವ ಲೇತುಗಳು ಸಾವಿರ ಪೀಸುಗಳನ್ನು ಅಚ್ಚು ಹೊಡೆದಂತೆ ಇಳಿಸುತ್ತವೆ. ನಮ್ಮಲ್ಲಿ ಒಂದರ ಹಾಗೆ ಇನ್ನೊಂದು ಬಂದದ್ದೇ ಇಲ್ಲ. ಇಲ್ಲಿ ಎಲ್ಲ ಸಂಬಳಗಳಿಗೂ ಅಳತೆಗೋಲು ಒಂದೇ, ಅಡಿಕೆ ಮರ ಹತ್ತುವವ. ಮೇಷ್ಟ್ರು, ಬ್ಯಾಂಕಿನವರು, ಪುರೋಹಿತರು ಎಲ್ಲರೂ ತಮ್ಮ ಆದಾಯವನ್ನು ಅವನದರ ಪಕ್ಕದಲ್ಲಿಟ್ಟು ನಿಟ್ಟುಸಿರು ಬಿಡುವವರೇ. ಅವ ಮಧ್ಯಾಹ್ನದೊಳಗೆ ನಮ್ಮ ಮೇಸ್ತ್ರಿಯ ಎರಡು ದಿನದ ದುಡ್ಡು ಎಣಿಸಿ ಮನೆಗೆ ಹೋಗಿರುತ್ತಾನೆ. ಬಿದ್ದರೆ ಸೊಂಟ ಮುರಿಯುತ್ತದಲ್ಲ ಎಂದು ಸಮಾಧಾನ ಹೇಳಿಕೊಳ್ಳಬೇಕು. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಆ ಸಮಾಧಾನವೂ ಅರ್ಧವಾಗಿದೆ.

ಹೀಗೆ ನಾನು ಕಾಗದ ಪೆನ್ಸಿಲಿನಲ್ಲಿ ಮುಳುಗಿದ್ದಾಗ, ಜೂನಿನ ಒಂದು ಬೆಳಿಗ್ಗೆ, ಮಳೆ ಬಿಟ್ಟ ಹೊತ್ತಿಗೆ, ಕಡಬದಿಂದ ಒಬ್ಬರು ಪಿಕಪ್ಪಿನಲ್ಲಿ ಪಂಪು ಹಾಕಿಕೊಂಡು ಬಂದರು. ಸ್ಟಾರ್ಟಾದರೆ ಕಟಕಟ ಎನ್ನುತ್ತದೆ. ಮನೆಯಲ್ಲಿ ಬೋರ್ಡೋ ದ್ರಾವಣ ಕಲಸಿಟ್ಟಾಗಿದೆ: 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅವತ್ತಿನದು ಅವತ್ತೇ ಮುಗಿಯಬೇಕು. ಮರ ಹತ್ತುವ ಇಬ್ಬರು, ಪೈಪು ಎಳೆಯುವ ಒಬ್ಬ, ಮದ್ದು ಕಲಸುವ ಒಬ್ಬ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಸಂಬಳ ಓಡುತ್ತಿದೆ.

ಮೇಸ್ತ್ರಿ ಪಂಪನ್ನು ಬಿಚ್ಚಲಿಲ್ಲ. ಉದ್ದದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟರು. ಕಣ್ಣು ಮುಚ್ಚಿದರು. ತುದಿಯನ್ನು ಎರಡು ಬೆರಳು ಆಚೆ ಸರಿಸಿದರು. ಮತ್ತೆ ಸ್ವಲ್ಪ ಈಚೆ. "ಬೇರಿಂಗ್ ಅಲ್ಲ. ನಡುವಿನ ಕನೆಕ್ಟಿಂಗ್ ರಾಡಿನ ಬುಶ್ಶು." ಬಿಚ್ಚಿದರೆ ಅದೇ. ಗನ್‌ಮೆಟಲ್ ತುಂಡನ್ನು ಚಕ್ಕಿಗೆ ಕಚ್ಚಿಸಿ ತಿರುಗಿಸಿದರು. ಕೊನೆಯ ಕಟ್ಟಿಗೆ ಟೂಲು ಮುಟ್ಟಿತೋ ಇಲ್ಲವೋ ಎಂಬಷ್ಟು ತೆಳ್ಳಗೆ ಹಳದಿ ಪುಡಿ ಉದುರಿತು. ಹೆಬ್ಬೆರಳಿನಿಂದ ಒಳಗೆ ಸವರಿ "ಆಯ್ತು" ಎಂದರು. ಆಮೇಲೆ ಮೈಕ್ರೋಮೀಟರು ಹಿಡಿದದ್ದು ನನ್ನ ಸಮಾಧಾನಕ್ಕೆ.

450 ಎಂದು ಬಿಲ್ಲು ಬರೆದೆ. "ಇಷ್ಟು ಸಣ್ಣ ಬುಶ್ಶಿಗೆ 450 ಆ?" ಎಂದ ಗಿರಾಕಿ ಅದೇ ಉಸಿರಿನಲ್ಲಿ ಫೋನಿಗೆ, "ಬಂದೆ, ಬಂದೆ, ನೀವು ಹೋಗ್ಬೇಡಿ, ಇನ್ನೊಂದು ಕಾಫಿ ಕುಡೀರಿ" ಎನ್ನುತ್ತ ಪಿಕಪ್ಪು ಹತ್ತಿದರು. ಜಗಲಿಯ ಆ ನಾಲ್ಕು ಜನರ ಅರ್ಧ ದಿನದ ಸಂಬಳದ ಬಗ್ಗೆ ಚಕಾರವಿಲ್ಲ. ಬುಶ್ಶಿನ ಕ್ರಯ ಇರುವುದು ಆ ಜಗಲಿಯಲ್ಲಿ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಗನ್‌ಮೆಟಲನ್ನು ತೂಗಿ, ಕರೆಂಟಿನ ಮೀಟರು ನೋಡಿ ಬಿಲ್ಲು ಬರೆದ ಮೂರ್ಖ ನಾನು. ಬಿಲ್ಲೇ ಕುಳ್ಳಗಿದ್ದರೆ ಸಂಬಳ ಉದ್ದವಾಗುವುದು ಎಲ್ಲಿಂದ?

ಶನಿವಾರ ಬಟವಾಡೆ ಮುಗಿಸಿ, ಹುಡುಗರನ್ನು ಕಳಿಸಿ, ಮೇಸ್ತ್ರಿಯನ್ನು ಕೂರಿಸಿದೆ.

"ನಿಮಗೆ ಎಷ್ಟು ಆಗ್ಬೇಕು ಮೇಸ್ತ್ರಿ?"

"ನೀವೇ ಹೇಳಿ ದನಿ."

"ಅಲ್ಲ, ನೀವು ಹೇಳಿ."

"ನಾನು ಎಂತ ಹೇಳುದು?"

ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ಬಿಲ್ಲಿನ ಹಿಂಬದಿಗೆ 1200 ಎಂದು ಬರೆದು ಅವರ ಮುಂದೆ ಸರಿಸಿದೆ. ಅವರು ಕನ್ನಡಕ ಹಾಕಿ, ಡ್ರಾಯಿಂಗು ನೋಡುವ ಹಾಗೆ ದೂರ ಹಿಡಿದು ನೋಡಿದರು. ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು 1200ರ ಪಕ್ಕದಲ್ಲಿ, ಶಾಫ್ಟಿನ ಅಳತೆಗೆ ಬರೆಯುವ ಹಾಗೆಯೇ, ಮೇಲೆ ಸಣ್ಣಗೆ +50, ಕೆಳಗೆ −0 ಎಂದು ಬರೆದು ವಾಪಸು ಕೊಟ್ಟರು.

1250ಕ್ಕೆ ಮುಗಿಯಿತು.

"ಸುಳ್ಯದವರು ಕರೆದಿದ್ದಾರಂತೆ?" ಎಂದು ಈಗ ಧೈರ್ಯದಿಂದ ಕೇಳಿದೆ.

"ಹೋಗಿ ನೋಡಿದೆ ದನಿ. ಲೇತಿನ ಬೆಡ್ಡೇ ಸವೆದಿದೆ. ಅದರಲ್ಲಿ ಕೆಲಸ ಮಾಡಿದ್ರೆ ನನ್ನ ಹೆಸರು ಹೋಗ್ತದೆ." ಎದ್ದವರು ಬಾಗಿಲಲ್ಲಿ ನಿಂತರು. "ಸೋಮವಾರ ನಂಗೆ ರಜೆ ಬೇಕು. ತೋಟಕ್ಕೆ ಮದ್ದು ಬಿಡ್ಲಿಕ್ಕುಂಟು."

ಅವರಿಗೆ ಕಡಬದ ಹತ್ತಿರ ಸಣ್ಣದೊಂದು ಅಡಿಕೆ ತೋಟವಿರುವುದು ನನಗೆ ಮರೆತೇ ಹೋಗಿತ್ತು.

"ಜನ ಸಿಕ್ಕಿದ್ರಾ?"

"ಸಿಕ್ಕಿದ. ಆದ್ರೆ ಎಷ್ಟು ಕೇಳ್ತಾನೆ ಗೊತ್ತುಂಟಾ?" ಮೇಸ್ತ್ರಿಯ ದನಿ ಮೊದಲ ಸಲ ಏರಿತು. "ಎಷ್ಟು ಬೇಕು ಅಂತ ಕೇಳಿದ್ರೆ, 'ನೀವೇ ಹೇಳಿ ದನಿ' ಅಂತಾನೆ. ನಾನು ಹೇಳಿದ್ರೆ ನಗಾಡ್ತಾನೆ. ಹೀಗಾದ್ರೆ ಕೊಡುವವ ಬದುಕುದು ಹೇಗೆ ಹೇಳಿ?"

ನಾನು ಪಕ್ಕದ ಹೋಟೆಲಿಗೆ ಕೂಗಿ ಎರಡು ಚಹಾ ಹೇಳಿದೆ. ಮೇಸ್ತ್ರಿ ಮತ್ತೆ ಬಂದು ಕೂತರು. ಕತ್ತಲಾಗುವವರೆಗೆ ಇಬ್ಬರೂ ಸೇರಿ ಅವನನ್ನು ಬೈದೆವು.