ಕಾರಿನ ಸೆಟ್ಟಿಗೆ ಕಸಿ

ಯಲ್ದೂರಿನ ನಮ್ಮ ಚಿಕ್ಕಪ್ಪನಿಗೆ ಮಾವಿನ ತೋಪಿದೆ, ಹಳೇ ಕಾರಿದೆ, ಕಾರಿನಲ್ಲಿ ಕಂಪನಿಯವರೇ ಕೂರಿಸಿಕೊಟ್ಟ ಕ್ಯಾಸೆಟ್ ಸೆಟ್ಟಿದೆ. ಫೋನಿನ ಹಾಡು ಮಾತ್ರ ಬರುವುದಿಲ್ಲ.

"ಹೊಸ ಸೆಟ್ಟು ಹಾಕಿಸಿ ಚಿಕ್ಕಪ್ಪ" ಅಂದೆ.

"ನಾಟಿ ಗಿಡ ಕಿತ್ತು ಬಿಸಾಕ್ತಾರೇನೋ? ಬುಡ ಇಟ್ಕೊಂಡು ಕಸಿ ಕಟ್ತಾರೆ."

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಈ ವಾದಕ್ಕೆ ಎದುರುವಾದವಿಲ್ಲ.

ಮೊದಲು ಕ್ಯಾಸೆಟ್ಟಿನ ಆಕಾರದ, ಬಾಲ ನೇತಾಡುವ ಅಡಾಪ್ಟರ್ ತಂದೆವು. ಆಟೋ ರಿವರ್ಸ್ ಸೆಟ್ಟು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಉಗುಳಿತು. ಕಡೆಗೆ ರಿಪೇರಿ ಅಂಗಡಿಯ ಹುಡುಗ ಸೆಟ್ಟಿನ ಹೊಟ್ಟೆ ಬಿಚ್ಚಿದ. ಕ್ಯಾಸೆಟ್ ಹೆಡ್ಡಿನಿಂದ ಹೊರಡುವ ಸಿಗ್ನಲ್ಲು ಒಂದು ಮಿಲಿವೋಲ್ಟೂ ಇರುವುದಿಲ್ಲ. ಫೋನಿನದು ಅದರ ಸಾವಿರ ಪಟ್ಟಿನ ಹತ್ತಿರ. ಹೆಡ್ಡಿಗೇ ಕೊಟ್ಟರೆ ಗಾಯಕರೆಲ್ಲ ಗೊಗ್ಗರು. ಅದಕ್ಕೆ ಪ್ರೀಆಂಪ್ ದಾಟಿಸಿ ವಾಲ್ಯೂಮ್ ಕಂಟ್ರೋಲಿನ ಕಾಲಿಗೆ ಎಡ, ಬಲ, ಅರ್ತು ಅಂತ ಮೂರು ವೈರು ಬೆಸೆದ. ಎಡಕ್ಕೂ ಬಲಕ್ಕೂ ಒಂದೊಂದು ಕೆಪಾಸಿಟರ್. ಡ್ಯಾಶ್‌ಬೋರ್ಡಿನ ಕೆಳಗೆ 3.5 ಮಿಲಿಮೀಟರ್ ಜ್ಯಾಕು. ಹೆಡ್ಡಿನ ವೈರು ಕತ್ತರಿಸಲು ಮಾತ್ರ ಚಿಕ್ಕಪ್ಪ ಬಿಡಲಿಲ್ಲ, ಕ್ಯಾಸೆಟ್ಟೂ ಹಾಡಬೇಕಲ್ಲ!

"ಹಂಗಾದ್ರೆ ಖಾಲಿ ಕ್ಯಾಸೆಟ್ ಒಂದು ಓಡ್ತಾ ಇರ್ಬೇಕು ಸಾರ್. ಅದು ಓಡಿದ್ರೇನೇ ಫೋನು ಹಾಡೋದು."

1963ರಲ್ಲಿ ಕ್ಯಾಸೆಟ್ಟು ಹೊರತಂದ ಫಿಲಿಪ್ಸ್‌ನವರು, ಅದು ಬಾಯಿ ಮುಚ್ಚಿಕೊಂಡು ತಿರುಗುವುದಕ್ಕೂ ಬೇಕಾದೀತು ಅಂದುಕೊಂಡಿರಲಿಕ್ಕಿಲ್ಲ. ಖಾಲಿ ಕ್ಯಾಸೆಟ್ಟು ಈಗ ಎಲ್ಲಿ ಸಿಗಬೇಕು? ಚಿಕ್ಕಪ್ಪ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿ, ಹಳೇ ಸಿ-60 ಒಂದನ್ನು ತುರುಕಿ, ರೆಕಾರ್ಡ್ ಗುಂಡಿ ಒತ್ತಿ, "ಅರ್ಧ ಗಂಟೆ ಯಾರೂ ಉಸಿರೆತ್ತಬಾರದು" ಎಂದು ಅಪ್ಪಣೆ ಹೊರಡಿಸಿದರು. ಮೈಕು ಅದರೊಳಗೇ. ತೋತಾಪುರಿ ಕಾಲ ಬೇರೆ.

ಈಗ ಕಾರಿನಲ್ಲಿ ಫೋನಿನ ಹಾಡು ಚೆನ್ನಾಗಿಯೇ ಬರುತ್ತದೆ. ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಕ್ರೇಟು ಹೇರಿದ ಟ್ರಾಕ್ಟರು ಹೋಗುತ್ತದೆ, ಕೋಳಿ ಕೊಕ್ಕರಿಸುತ್ತದೆ, "ರೀ, ಹಾಲು ಉಕ್ತು!" ಎಂದು ಚಿಕ್ಕಮ್ಮ ಕೂಗುತ್ತಾರೆ. ಅರ್ಧ ಗಂಟೆಗೆ ಟಕ್ಕೆಂದು ಮಗ್ಗುಲು ಬದಲಾದರೆ ಅಲ್ಲಿ ಅಳಿಸದೆ ಉಳಿದ ಅವರ ಮದುವೆಯ ಓಲಗ. ಫೋನಿನಲ್ಲಿ ಯಾರೇ ಹಾಡಲಿ, ಅವರಿಗೆ ಗಟ್ಟಿಮೇಳ.

ಮೊನ್ನೆ ಕೋಲಾರಕ್ಕೆ ಹೊರಟಾಗ ಹಿಂದಿನ ಸೀಟಿನಿಂದ ಚಿಕ್ಕಮ್ಮ ಬಗ್ಗಿ, "ಆ ಫೋನು ನಿಲ್ಸಪ್ಪ. ಆವತ್ತು ಹಾಲು ಉಕ್ಕಿದಾಗ ನಿಮ್ಮ ಚಿಕ್ಕಪ್ಪ ನನ್ನನ್ನ ಏನಂತ ಬೈದ್ರು, ಪೂರ್ತಿ ಕೇಳ್ಬೇಕು" ಅಂದರು.

ಚಿಕ್ಕಪ್ಪ ಹಾಡಿನಲ್ಲಿ ಮುಚ್ಚಿಹಾಕೋಣವೆಂದು ತಟ್ಟನೆ ವಾಲ್ಯೂಮ್ ಏರಿಸಿದರು. ವೈರು ಬೆಸೆದಿರುವುದು ವಾಲ್ಯೂಮಿನ ಕಾಲಿಗೇ ತಾನೆ, ಹಾಡಿನ ಜೊತೆ ಬೈಗುಳವೂ ಏರಿತು.