ಶಿಫಾರಸು ಪತ್ರ ಮೀಮಾಂಸೆ: ಕಲ್ಪತರು ನಾಡಿನ ಒಂದು ಅಧಿಕರಣ

ವಿಷಯ: ತುರುವೇಕೆರೆ ಕಡೆಯ ಹುಡುಗಿಯೊಬ್ಬಳು ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ರೆಸಿಡೆನ್ಸಿಗೆ ಅರ್ಜಿ ಹಾಕುತ್ತಾಳೆ. ಇಲ್ಲೇ ಪಿ.ಜಿ. ಮಾಡುವುದಾದರೆ ನೀಟ್ ರ್‍ಯಾಂಕ್ ಇದ್ದರಾಯಿತು. ಹುಡುಗಿ ಹೇಗೆ ಎಂದು ಕೆಇಎ ಯಾರನ್ನೂ ಕೇಳುವುದಿಲ್ಲ. ಅಮೆರಿಕದವರು ಕೇಳುತ್ತಾರೆ. ಒಂದೊಂದು ಪ್ರೋಗ್ರಾಮಿಗೆ 4 ಪತ್ರಗಳವರೆಗೆ ಸ್ವೀಕರಿಸುತ್ತಾರೆ. ಟಿ.ಸಿ.ಯಲ್ಲಿನ ‘ನಡತೆ: ತೃಪ್ತಿಕರ’ ಬಿಟ್ಟರೆ ಬೇರೆ ಹೊಗಳಿಕೆ ಕಾಣದ ನಮ್ಮ ಸೀಮೆಯಲ್ಲಿ ಹೀಗೊಂದು ಹೊಸ ಸಾಹಿತ್ಯ ಪ್ರಕಾರ ಹುಟ್ಟಿತು.

ಸಂಶಯ: ಈ ಪತ್ರದ ಕರ್ತೃ ಯಾರು?

ಪೂರ್ವಪಕ್ಷ: ಸಹಿ ಹಾಕಿದ ಡಾಕ್ಟರೇ ಕರ್ತೃ. ಇದು ನಿಲ್ಲದು. ಪರಂಪರೆಯಿಂದ ಬಂದ ಮೂಲಪಾಠ ಹೀಗಿದೆ:

“ಸಾರ್, ಒಂದು ಲೆಟರ್ ಬೇಕಿತ್ತು.”

“ಅದಕ್ಕೇನಮ್ಮ, ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ.”

ಪಾಠಾಂತರವೂ ಉಂಟು: “ಹೋದ ವರ್ಷದ್ದು ಕಂಪ್ಯೂಟರಲ್ಲೈತೆ, ಹೆಸರು ಬದಲಾಯಿಸ್ಕೊ.” ಪಾಠಾಂತರವನ್ನು ಅನುಸರಿಸಿದ ಪ್ರತಿಗಳಲ್ಲಿ ಅಭ್ಯರ್ಥಿಯು ಮೊದಲ ಪ್ಯಾರಾದಲ್ಲಿ ಹೆಂಗಸಾಗಿದ್ದು ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಡಸಾಗಿಬಿಟ್ಟಿರುವುದನ್ನು ವಿದ್ವಾಂಸರು ಗಮನಿಸಬೇಕು.

ತೊಡಕು ಇರುವುದು ಮುಂದೆ. ಅರ್ಜಿಯಲ್ಲಿ ‘ಈ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ’ ಎಂದು ಒಪ್ಪಿಕೊಳ್ಳುವ ಜಾಗವಿದೆ. ಒಪ್ಪದಿದ್ದರೆ ಓದುವವರಿಗೆ ಪತ್ರದ ಮೇಲೆ ಅನುಮಾನ. ಆದಕಾರಣ ಹುಡುಗಿ ರಾತ್ರಿಯೆಲ್ಲ ಕೂತು ತಾನೇ ಬರೆದ ಪತ್ರವನ್ನು ತಾನು ಎಂದಿಗೂ ನೋಡುವುದಿಲ್ಲವೆಂದು ಒಪ್ಪಿ ಗುರುತು ಹಾಕುತ್ತಾಳೆ. ಅದ್ವೈತಿಗಳಿಗೆ ಇದರಲ್ಲಿ ತೊಂದರೆ ಕಾಣದು: ಹೊಗಳಿದವಳು, ಹೊಗಳಿಸಿಕೊಂಡವಳು, ನೋಡಬಾರದವಳು ಎಲ್ಲ ಒಬ್ಬಳೇ. ಮಿಕ್ಕ ಮತದವರು ಚೂರು ಕಷ್ಟಪಡಬೇಕು.

ಇಲ್ಲಿ ತಿಪಟೂರಿನ ಕೊಬ್ಬರಿಯೇ ಪ್ರಮಾಣ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ನೀರೆಲ್ಲ ಇಂಗಿ, ಉಂಡೆ ಚಿಪ್ಪು ಬಿಟ್ಟ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಅಂದರೆ ಸುಲಿಯಬಹುದು. ಕೊಬ್ಬರಿ ತನ್ನ ದರ್ಜೆಯನ್ನು ತಾನೇ ಬರೆದುಕೊಂಡು ಬಂದು ವರ್ತಕನ ಸಹಿ ಕೇಳಿದ ದಾಖಲೆ ಮಾರುಕಟ್ಟೆಯಲ್ಲಿಲ್ಲ. 2025ರಲ್ಲಿ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು. ಪತ್ರದಲ್ಲಿನ ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಪಂಕ್ಚುಯಲ್ ಎಂಬ ಮೂರು ವಿಶೇಷಣಗಳಿಗೆ ಯಾವ ಸರ್ಕಾರವೂ ಬೆಂಬಲ ಬೆಲೆ ಘೋಷಿಸಿಲ್ಲ.

ಹೇಳದೆ ಹೊಳೆಯಿಸುವುದರಲ್ಲೇ ಕಾವ್ಯದ ಜೀವವಿದೆ ಎಂಬ ಆನಂದವರ್ಧನನ ಮತವನ್ನು ಕನ್ನಡಿಗರಿಗೆ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಸಿಕೊಟ್ಟ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರ ಊರಿನ ಋಣ ತೀರಿಸಲು ಒಂದು ಲಕ್ಷ್ಯ: ‘ಪಂಕ್ಚುಯಲ್’. ವಾಚ್ಯಾರ್ಥ, ಹೊತ್ತಿಗೆ ಸರಿಯಾಗಿ ಬರುತ್ತಾಳೆ. ವ್ಯಂಗ್ಯಾರ್ಥ, ಬಂದು ಏನು ಮಾಡುತ್ತಾಳೋ ನಾನು ನೋಡಿಲ್ಲ. ಅಮೆರಿಕದ ಸಹೃದಯರಿಗೆ ಎರಡನೆಯದು ಥಟ್ಟನೆ ಹೊಳೆಯುತ್ತದೆ.

ಸಿದ್ಧಾಂತ: ಕರ್ತೃ ಯಾರೇ ಆಗಲಿ, ಕಣ್ಣಾರೆ ಕಂಡದ್ದನ್ನು ಬರೆಯಬೇಕು. ಎಷ್ಟು ದಿನದಿಂದ, ಯಾವ ವಾರ್ಡಿನಲ್ಲಿ ಬಲ್ಲಿರಿ. ಓರಗೆಯವರಲ್ಲಿ ಅವಳ ಜಾಗ ಎಲ್ಲಿ. ನಿಮ್ಮ ರೋಗಿಯನ್ನು ಅವಳ ಕೈಗೆ ಒಪ್ಪಿಸಿ ನಿದ್ದೆ ಮಾಡುವಿರಾ? ನಮ್ಮ ಹುಡುಗಿ ಇದನ್ನು ಅರಿತು ಒಂದು ಪ್ಯಾರಾ ಬರೆದಿದ್ದಳು. ತೆಂಗಿನ ಮರದಿಂದ ಬಿದ್ದವನನ್ನು ರಾತ್ರಿ ಲಗೇಜ್ ಆಟೋದಲ್ಲಿ ಹಾಕಿಕೊಂಡು ತಂದಿದ್ದಾರೆ. ನಾಲ್ಕು ಜನ ಕೈಕಾಲು ಹಿಡಿದು ಎತ್ತಲು ಹೊರಟಾಗ ಇವಳು ಗದರಿ ನಿಲ್ಲಿಸಿದ್ದಾಳೆ. ಕೊರಳಪಟ್ಟಿ ಸಿಗದೆ, ಟವೆಲು ಸುರುಳಿ ಸುತ್ತಿ ಕತ್ತಿನ ಎರಡೂ ಪಕ್ಕಕ್ಕಿಟ್ಟು, ತಲೆ ಅಲುಗದಂತೆ ತಾನು ಹಿಡಿದುಕೊಂಡು, ಹಲಗೆಯ ಮೇಲೆ ಸರಿಸಿ ಒಳಗೆ ಸಾಗಿಸಿದ್ದಾಳೆ. ಆಮೇಲೆ ಅವನ ಹೆಬ್ಬೆರಳು ಮುಟ್ಟಿ, “ಅಣ್ಣಾ, ಗೊತ್ತಾಗ್ತೈತಾ?” ಎಂದು ಕೇಳಿದ್ದಾಳೆ. ವಿಶೇಷಣ ಒಂದೂ ಇಲ್ಲ.

ಡಾಕ್ಟರು ಕನ್ನಡಕ ಏರಿಸಿ ಓದಿದರು.

“ಇದೇನಮ್ಮ, ಕೊರಳಪಟ್ಟಿ ಇರಲಿಲ್ಲ ಅಂತ ಅಮೆರಿಕದೋರಿಗೆ ಯಾಕೆ ಹೇಳ್ಬೇಕು? ಈ ಪ್ಯಾರಾ ತೆಗೆದುಬಿಡು.”

“ಜಾಗ ಖಾಲಿ ಕಾಣುತ್ತಲ್ವಾ ಸಾರ್?”

“ಹಾರ್ಡ್‌ವರ್ಕಿಂಗ್ ಅಂತ ಇನ್ನೊಂದ್ಸಲ ಹಾಕು. ಈ ಸಲ ವೆರಿ ಸೇರ್ಸು.”