ಗ್ರೀನ್ ಕಾರ್ಡ್ ಮೀಮಾಂಸೆ: ಇರುವುದೋ ಹೊರಡುವುದೋ ಎಂಬ ದರ್ಶನಕ್ಕೊಂದು ಪೀಠಿಕೆ

ಶಾಸ್ತ್ರಗ್ರಂಥದ ಮೊದಲಲ್ಲಿ ಅನುಬಂಧ ಚತುಷ್ಟಯವನ್ನು, ಎಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆಯಾದ್ದರಿಂದ ಇಲ್ಲಿಯೂ ಅದನ್ನು ಪಾಲಿಸಲಾಗಿದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವ ಭಾರತೀಯ ತಂತ್ರಜ್ಞನು ಅಲ್ಲಿಯೇ ನೆಲೆಸಬೇಕೋ, ಮೂರನೆಯ ದೇಶವೊಂದಕ್ಕೆ ಹೋಗಬೇಕೋ, ಬೆಂಗಳೂರಿಗೆ ಮರಳಬೇಕೋ ಎಂಬ ಜಿಜ್ಞಾಸೆಯೇ ಇದರ ವಿಷಯ. ಆ ಜಿಜ್ಞಾಸೆಯನ್ನು ಮುಂದಿನ ವರ್ಷಕ್ಕೆ ಸಾಧಾರವಾಗಿ ಮುಂದೂಡಲು ನೆರವಾಗುವುದು ಪ್ರಯೋಜನ. ವಿಚಾರಕ್ಕೂ ನಿರ್ಧಾರಕ್ಕೂ ಸಂಬಂಧವಿಲ್ಲವೆಂಬುದೇ ಸಂಬಂಧ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಕಂಪನಿ ತನ್ನ ಪರವಾಗಿ ಹಾಕಿದ ಐ-140 ಎಂಬ ಅರ್ಜಿ ಮಂಜೂರಾಗಿಯೂ ಗ್ರೀನ್ ಕಾರ್ಡ್ ಕೈಗೆ ಬಾರದವನು. ಕಾರ್ಡ್ ಬಂದವನು ಮುಕ್ತನಾದ್ದರಿಂದ ಅವನಿಗೆ ಶಾಸ್ತ್ರ ಬೇಕಿಲ್ಲ, ಅರ್ಜಿಯನ್ನೇ ಹಾಕದವನು ಎಳೆಯನಾದ್ದರಿಂದ ಅವನಿಗೆ ಅದು ತಿಳಿಯುವುದಿಲ್ಲ.

1990ರ ವಲಸೆ ಕಾಯಿದೆಯಲ್ಲಿ ಹುಟ್ಟಿದ ಎಚ್-1ಬಿಯು ಮೂರು ವರ್ಷದ, ನವೀಕರಿಸಿದರೆ ಆರು ವರ್ಷದ ತಾತ್ಕಾಲಿಕ ವೀಸಾ. ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೊಂದು 20,000 ಎಂಬುದು ಅದರ ಮಿತಿ. ತಾತ್ಕಾಲಿಕವಾಗಿ ಬಂದವನು ಶಾಶ್ವತವಾಗಿ ಉಳಿಯಲು ಬಯಸಿದರೂ ತಪ್ಪಿಲ್ಲವೆಂದು ಈ ವೀಸಾಕ್ಕೆ ಕಾನೂನೇ ವಿನಾಯಿತಿ ಕೊಟ್ಟಿದ್ದು, ಇದಕ್ಕೆ ವಕೀಲರು 'ಡ್ಯುಯಲ್ ಇಂಟೆಂಟ್' ಎನ್ನುತ್ತಾರೆ. ಶ್ರವಣಬೆಳಗೊಳದ ಕಡೆಯಿಂದ ಹೋದವರು ಇದರಲ್ಲಿ ಸ್ಯಾದ್ವಾದವನ್ನು, ಇರಲೂಬಹುದು ಇಲ್ಲದಿರಲೂಬಹುದು ಎಂಬ ಜೈನರ ತತ್ತ್ವವನ್ನು, ತಕ್ಷಣ ಗುರುತಿಸಬಲ್ಲರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನು ಆರು ವರ್ಷ ಮುಗಿದ ಮೇಲೂ ವೀಸಾವನ್ನು ನವೀಕರಿಸುತ್ತ ಹೋಗಬಹುದೆಂದು 2000ದ ಇನ್ನೊಂದು ಕಾಯಿದೆ ಹೇಳಿತಾಗಿ, ತಾತ್ಕಾಲಿಕತೆಗೆ ಶಾಶ್ವತತ್ವ ಪ್ರಾಪ್ತವಾಯಿತು.

ಆ ಸಾಲು ಏಕೆ ಸಾಗದೆಂಬುದನ್ನು ಜನ್ಮಪ್ರಕರಣದಲ್ಲಿ ನೋಡಬೇಕು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸಿಗುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಗಂಡ ಹೆಂಡತಿ ಮಕ್ಕಳೆಲ್ಲ ಅದರೊಳಗೇ ಲೆಕ್ಕ. ಯಾವುದೇ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಮೀಸಲಾಗುವಂತಿಲ್ಲವೆಂಬ ನಿಯಮದಿಂದಾಗಿ, ನೂರನಲವತ್ತು ಕೋಟಿ ಜನರ ಭಾರತವೂ ಸುಮಾರು ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ಗಮನಿಸಬೇಕಾದ ಸೂಕ್ಷ್ಮವೇನೆಂದರೆ, ಇಲ್ಲಿ ದೇಶವೆಂದರೆ ಪೌರತ್ವದ ದೇಶವಲ್ಲ, ಹುಟ್ಟಿದ ದೇಶ. ತಿಪಟೂರಿನಲ್ಲಿ ಹುಟ್ಟಿದವನು ಕೆನಡಾದ ಪ್ರಜೆಯಾಗಿ ಬಂದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಹೀಗಾಗಿ ಪುನರ್ಜನ್ಮವೊಂದೇ ನೇರ ಪರಿಹಾರ. ಸಂಗಾತಿಯ ಹುಟ್ಟೂರಿನ ಲೆಕ್ಕಕ್ಕೆ ಸೇರಿಕೊಳ್ಳುವ ಅವಕಾಶ ಮಾತ್ರ ಕಾಯಿದೆಯಲ್ಲಿ ಇರುವುದರಿಂದ, ತಂದೆ ಕುವೈತಿನಲ್ಲೋ ಮಸ್ಕತ್ತಿನಲ್ಲೋ ನೌಕರಿಯಲ್ಲಿದ್ದಾಗ ಅಲ್ಲಿ ಹುಟ್ಟಿದ ಮಂಗಳೂರಿನ ಕನ್ಯೆಯ ಜಾತಕದಲ್ಲಿ ನಕ್ಷತ್ರಕ್ಕಿಂತ ಪ್ರಸೂತಿಗೃಹದ ವಿಳಾಸವೇ ಬಲವಾದ ಗ್ರಹವೆನಿಸುತ್ತದೆ.

ಕಾಲದ ವಿಷಯದಲ್ಲಿ ಈ ದರ್ಶನವು ಮಿಕ್ಕೆಲ್ಲ ದರ್ಶನಗಳಿಂದ ಭಿನ್ನವಾಗಿದೆ. ಅರ್ಜಿಯ ಮೊದಲ ಹೆಜ್ಜೆ ದಾಖಲಾದ ದಿನಕ್ಕೆ 'ಪ್ರಯಾರಿಟಿ ಡೇಟ್' ಎಂದು ಹೆಸರು. ಇದನ್ನು ಮರೆತ ಭಾರತೀಯ ಅರ್ಜಿದಾರ ಇಲ್ಲ, ಮದುವೆಯ ದಿನಾಂಕ ಮರೆತವರು ಇದ್ದಾರೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುವ 'ವೀಸಾ ಬುಲೆಟಿನ್' ಎಂಬ ಶ್ರುತಿಯಲ್ಲಿ ಯಾವ ದಿನಾಂಕದವರೆಗಿನವರಿಗೆ ಕಾರ್ಡ್ ಸಿಕ್ಕೀತೆಂದು ಕಾಣಿಸಿರುತ್ತದೆ. ಲೋಕದಲ್ಲಿ ಕಾಲ ಮುಂದಕ್ಕೆ ಹೋಗುವುದಾದರೆ ಇಲ್ಲಿ ಹಿಂದಕ್ಕೂ ಹೋಗುತ್ತದೆ, ಅದಕ್ಕೆ 'ರೆಟ್ರೊಗ್ರೆಶನ್' ಎನ್ನುತ್ತಾರೆ: ಭಾರತೀಯರ ಇಬಿ-2 ವರ್ಗದ, ಎಂದರೆ ಹೆಚ್ಚಿನ ಪದವಿ ಪಡೆದವರ, ದಿನಾಂಕವು 2022ರ ಸೆಪ್ಟೆಂಬರಿನಲ್ಲಿ 2014ರ ಡಿಸೆಂಬರಿನಲ್ಲಿದ್ದು, ಲೋಕವು ಹತ್ತು ತಿಂಗಳು ಮುಂದೆ ಸಾಗಿ 2023ರ ಜುಲೈ ತಲುಪುವಷ್ಟರಲ್ಲಿ 2011ರ ಜನವರಿಗೆ ಮರಳಿತ್ತು. ಈ ಶ್ರುತಿಗೆ ಭಾಷ್ಯ ಬರೆಯುವವರು ಕಾರು ನಿಲ್ಲಿಸುವ ಜಾಗದಿಂದ ಕನ್ನಡ ಕೂಟದ ಊಟದ ಸಾಲಿನವರೆಗೆ ಎಲ್ಲೆಲ್ಲೂ ಇದ್ದಾರೆ. ಅವರ ಮತಭೇದಗಳನ್ನು ವಿವರಿಸಹೊರಟರೆ ಗ್ರಂಥ ಮುಗಿಯುವುದರೊಳಗೆ ದಿನಾಂಕ ಮತ್ತೆ ಬದಲಾದೀತು.

2007ರ ಜುಲೈನಲ್ಲಿ ಬಹುತೇಕ ಎಲ್ಲ ದಿನಾಂಕಗಳೂ ತೆರೆದಿವೆಯೆಂದು ಸಾರಿದ ಬುಲೆಟಿನ್ನನ್ನು ಆ ತಿಂಗಳ ಎರಡನೆಯ ತಾರೀಖಿನಂದೇ ಹಿಂತೆಗೆದುಕೊಂಡಾಗ, ನೊಂದ ಅರ್ಜಿದಾರರು 'ಲಗೇ ರಹೋ ಮುನ್ನಾಭಾಯಿ' ಚಿತ್ರದ ಗಾಂಧಿಗಿರಿಯನ್ನು ಅನುಸರಿಸಿ ವಲಸೆ ಇಲಾಖೆಯ ಮುಖ್ಯಸ್ಥರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರೆಂಬುದೂ, ಇಲಾಖೆ ಅವನ್ನು ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಗೆ ಸಾಗಹಾಕಿತೆಂಬುದೂ, ಎರಡು ವಾರದಲ್ಲಿ ಆ ತೀರ್ಮಾನ ಬದಲಾಯಿತೆಂಬುದೂ ಇತಿಹಾಸ. ಪುಷ್ಪಾರ್ಚನೆಯಿಂದ ದೇವತೆ ಪ್ರಸನ್ನವಾದುದಕ್ಕೆ ಕಲಿಯುಗದಲ್ಲಿ ಇದಕ್ಕಿಂತ ಗಟ್ಟಿಯಾದ ದಾಖಲೆ ದೊರೆಯುವುದು ಕಷ್ಟ.

ಇನ್ನು ಪ್ರಮಾಣಗಳು, ಎಂದರೆ ಅರಿವಿನ ಸಾಧನಗಳು. ಪ್ರತ್ಯಕ್ಷಕ್ಕೆ ಸಂಬಳದ ಚೀಟಿ ಸಾಕು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನುವ ಅನುಮಾನ ಪ್ರಮಾಣಕ್ಕೆ, ಮ್ಯಾನೇಜರು ಕಾರಣ ಹೇಳದೆ ಕರೆದ ಹದಿನೈದು ನಿಮಿಷದ ಮೀಟಿಂಗು ಉದಾಹರಣೆ. ಕೆಲಸ ಹೋಯಿತೆಂಬ ಆ ಅನುಮಾನ ನಿಜವಾದರೆ ಅರವತ್ತು ದಿನಗಳೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕದಿದ್ದಲ್ಲಿ ದೇಶ ಬಿಡಬೇಕಾಗುತ್ತದೆ. ಉಪಮಾನಕ್ಕೆ ಊರಲ್ಲೇ ಉಳಿದು ಸರ್ಜಾಪುರದಲ್ಲಿ ಎರಡು ಸೈಟು ಮಾಡಿದ ಸಹಪಾಠಿ ಇದ್ದಾನೆ. ಶಬ್ದಪ್ರಮಾಣದಲ್ಲಿ ಎರಡು ಬಗೆ: ಹಣ ಪಡೆದು "ಹೇಳಲಾಗದು" ಎನ್ನುವ ವಕೀಲರ ವಾಕ್ಯ, ಹಣ ಪಡೆಯದೆ "ಬರೋದಾದ್ರೆ ನಾವಿರೋವಾಗ್ಲೇ ಬಾರಪ್ಪಾ" ಎನ್ನುವ ತಾಯಿಯ ವಾಕ್ಯ. ಎರಡನೆಯದರ ಪ್ರಾಮಾಣ್ಯವನ್ನು ಯಾವ ಪಂಥವೂ ಅಲ್ಲಗಳೆದಿಲ್ಲ, ಯಾವ ಪಂಥವೂ ಆಚರಿಸಿಲ್ಲ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯುವುದು ಅರ್ಥಾಪತ್ತಿ. ಪ್ರತಿ ಯುಗಾದಿಗೂ ವಾಪಸು ಹೊರಟೆನೆನ್ನುವ ದೇವದತ್ತ ಅಡಿಗೆಮನೆಗೆ ಹೊಸ ಗ್ರಾನೈಟ್ ಹಾಕಿಸಿದರೆ ಏನು ತಿಳಿಯಬೇಕೋ ಅದೂ ಅರ್ಥಾಪತ್ತಿಯೇ. ಕೊನೆಯದು ಅನುಪಲಬ್ಧಿ, ಇಲ್ಲದಿರುವುದರಿಂದಲೇ ತಿಳಿಯುವುದು. ಗ್ರೀನ್ ಕಾರ್ಡನ್ನು ಬಹುಪಾಲು ಸಾಧಕರು ಈ ಒಂದು ಪ್ರಮಾಣದಿಂದಲೇ ಬಲ್ಲರು.

ನೆಲೆಸಿದವನ ಲಕ್ಷಣವನ್ನು ಕರಿಬೇವಿನಿಂದ ನಿರ್ಣಯಿಸುವುದು ರೂಢಿ: ಕುಂಡದಲ್ಲಿಟ್ಟು ಚಳಿಗಾಲಕ್ಕೆ ಒಳಗೆ ತರುವವನು ಸಂಶಯಿ, ನೆಲದಲ್ಲಿ ನೆಟ್ಟವನು ಸಿದ್ಧ. ನ್ಯೂಜೆರ್ಸಿಯ ಹಿಮದಲ್ಲಿ ಸಿದ್ಧರೂ ಕುಂಡವನ್ನೇ ಬಳಸಬೇಕಾದ್ದರಿಂದ ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷವಿದೆಯೆಂಬ ಆಕ್ಷೇಪ ನ್ಯಾಯವಾದುದೇ. ನಿಂಬೆ, ಕಿತ್ತಳೆಯ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನಲ್ಲೂ ನೆಲೆಸುವುದರಿಂದ, ಕ್ಯಾಲಿಫೋರ್ನಿಯಾದ ನಿರ್ಬಂಧಿತ ಪ್ರದೇಶಗಳಿಂದ ಆ ಗಿಡವನ್ನು ಹೊರಕ್ಕೆ ಒಯ್ಯುವಂತಿಲ್ಲ. ಅಲ್ಲಿಂದ ಕೆಲಸ ಬದಲಿಸಿ ಟೆಕ್ಸಾಸಿಗೆ ಹೊರಟವನು ಹೊಸ ಕಂಪನಿಯ ಅರ್ಜಿಯ ಜೊತೆಗೆ ಸಸ್ಯಶಾಸ್ತ್ರದ ತೊಡಕನ್ನೂ ಎದುರಿಸಬೇಕಾಗುತ್ತದೆ.

ಗೀತೆಯ ಎಂಟನೆಯ ಅಧ್ಯಾಯದಲ್ಲಿ ಎರಡು ಗತಿಗಳನ್ನು ಹೇಳಿದೆ. ಉತ್ತರಾಯಣದ್ದು ಮರಳಿ ಬಾರದ ದಾರಿ, ದಕ್ಷಿಣಾಯನದ್ದು ಮರಳುವ ದಾರಿ. ಉತ್ತರದ ದಾರಿ ಕೆನಡಾದ್ದು. ಅಲ್ಲಿ ದೇಶವಾರು ಮಿತಿಯಿಲ್ಲ, 2015ರಿಂದ ಜಾರಿಯಲ್ಲಿರುವ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪದ್ಧತಿಯಲ್ಲಿ ವಯಸ್ಸು, ವಿದ್ಯೆ, ಭಾಷೆಗಳಿಗೆ ಅಂಕ ಕೊಟ್ಟು ಕರೆಯುತ್ತಾರೆ. ಆದರೆ ವಯಸ್ಸಿನ ಅಂಕ ಮೂವತ್ತರಿಂದ ಇಳಿಯತೊಡಗಿ ನಲವತ್ತೈದಕ್ಕೆ ಸೊನ್ನೆಯಾಗುವುದರಿಂದ, ವಿಚಾರ ಮಾಗುವುದೂ ಅಂಕ ಕರಗುವುದೂ ಒಟ್ಟಿಗೇ ನಡೆಯುತ್ತವೆ. 2023ರ ಜುಲೈನಲ್ಲಿ ಎಚ್-1ಬಿಯವರಿಗೆಂದೇ ಆ ದೇಶ ತೆರೆದ 10,000 ಪರವಾನಗಿಗಳ ಯೋಜನೆ ಎರಡೇ ದಿನದಲ್ಲಿ ಭರ್ತಿಯಾದದ್ದನ್ನು ನೋಡಿದರೆ, ಹತ್ತು ವರ್ಷ ನಿರ್ಧರಿಸಲಾಗದವರು ಹತ್ತು ನಿಮಿಷದಲ್ಲಿ ಫಾರಂ ತುಂಬಬಲ್ಲರೆಂಬುದು ಸಿದ್ಧವಾಗುತ್ತದೆ. ಈ ದಾರಿಯೂ ಮರಳಿ ಬಾರದ್ದೇನಲ್ಲ, ಏಕೆಂದರೆ ಕೆನಡಾದ ಪೌರತ್ವ ಸಿಕ್ಕವರಿಗೆ ವ್ಯಾಪಾರ ಒಪ್ಪಂದವೊಂದರ ಮೇರೆಗೆ ಟಿಎನ್ ಎಂಬ ಅನುಮತಿ ಪಡೆದು ಅಮೆರಿಕದಲ್ಲೇ ಕೆಲಸ ಮಾಡುವ ಅವಕಾಶವಿದ್ದು, ಗೀತಾಚಾರ್ಯರ ಕಾಲಕ್ಕೆ ಆ ಒಪ್ಪಂದ ಇನ್ನೂ ಆಗಿರಲಿಲ್ಲ.

ದಕ್ಷಿಣದ ದಾರಿಗೆ ಉಪನಿಷತ್ತುಗಳಲ್ಲಿ ಪಿತೃಯಾನವೆಂಬ ಹೆಸರಿದ್ದು, ಇಲ್ಲಿ ಅದನ್ನು ಅಕ್ಷರಶಃ ಅಪ್ಪ ಅಮ್ಮನ ಕಡೆಗಿನ ಪ್ರಯಾಣವೆಂದೇ ತಿಳಿಯತಕ್ಕದ್ದು. ಈ ದಾರಿ ಹಿಡಿಯಲು ಯಾರ ಅನುಮತಿಯೂ ಬೇಕಿಲ್ಲವಾದ್ದರಿಂದಲೇ ಇದು ಎಲ್ಲಕ್ಕಿಂತ ಕಠಿನ. ಅಮೆರಿಕದ ಪೌರನಾಗಿಯೇ ಮರಳುವೆನೆಂದು ಕಾದವನಿಗೆ ಭಾರತದ ಪೌರತ್ವ ಉಳಿಯುವುದಿಲ್ಲ. ಒಸಿಐ ಎಂಬ ಕಾರ್ಡ್ ಪಡೆದು ಎಷ್ಟು ಕಾಲ ಬೇಕಾದರೂ ಇರಬಹುದು, ಫ್ಲ್ಯಾಟು ಕೊಳ್ಳಬಹುದು, ಆದರೆ ಕೃಷಿಭೂಮಿ ಕೊಳ್ಳುವಂತಿಲ್ಲ. ಮಲೆನಾಡಿನಲ್ಲಿ ನಾಲ್ಕೆಕರೆ ಅಡಿಕೆ ತೋಟ ಮಾಡಿ ನೆಮ್ಮದಿಯಾಗಿರುವ ಸಂಕಲ್ಪವನ್ನು ವರ್ಷಗಟ್ಟಲೆ ಪೋಷಿಸಿಕೊಂಡವನಿಗೆ, ತೋಟ ಬಿಟ್ಟುಬಂದ ತನ್ನ ಅಪ್ಪನಿಂದ ಉತ್ತರಾಧಿಕಾರವಾಗಿ ಮಾತ್ರ ಅದನ್ನು ಪಡೆಯಬಹುದೆಂಬ ಸಂಗತಿ ಬಹಳ ತಡವಾಗಿ ಗೊತ್ತಾಗುತ್ತದೆ. ಇಂಥವನನ್ನು ತ್ರಿಶಂಕುವೆನ್ನುವ ವಾಡಿಕೆ ಸರಿಯಲ್ಲ. ತ್ರಿಶಂಕುವಿಗೆ ವಿಶ್ವಾಮಿತ್ರ ಸ್ವಂತ ಸ್ವರ್ಗವನ್ನೇ ಕಟ್ಟಿಕೊಟ್ಟ, ಅದರ ಮೇಲೆ ಮೂವತ್ತು ವರ್ಷದ ಸಾಲವಿರಲಿಲ್ಲ.

ಹೊರದೇಶದಿಂದ ಕರೆಸುವ ಹೊಸ ಎಚ್-1ಬಿ ಅರ್ಜಿಗಳಿಗೆ 2025ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ, ಒಮ್ಮೆ ಊರಿಗೆ ಹೊರಟು ನೋಡೋಣ, ಒಗ್ಗದಿದ್ದರೆ ಮರಳಿ ಬರೋಣವೆಂಬ ಮಧ್ಯಮ ಪಂಥ ಬಹುಮಟ್ಟಿಗೆ ಅನುಯಾಯಿಗಳನ್ನು ಕಳೆದುಕೊಂಡಿದೆ.

ಉಳಿದದ್ದು ಮಕ್ಕಳಿಂದ ದೊರೆಯುವ ಸದ್ಗತಿ. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪ್ರಜೆಯಾದ ಮಗ ಇಪ್ಪತ್ತೊಂದು ತುಂಬಿದೊಡನೆ ತಂದೆತಾಯಿಯರ ಪರವಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು, ಅದಕ್ಕೆ ಸಂಖ್ಯಾಮಿತಿಯಾಗಲಿ ಶೇಕಡಾ ಏಳರ ಲೆಕ್ಕವಾಗಲಿ ಅನ್ವಯಿಸದು. ಆದ್ದರಿಂದ ಪಂಡಿತರು ಈಚೆಗೆ ಬುಲೆಟಿನ್ ಬಿಟ್ಟು ಮಗುವಿನ ವಯಸ್ಸನ್ನೇ ಎಣಿಸತೊಡಗಿದ್ದಾರೆ. ಮೈಸೂರಿನಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ವಿಮಾನವೇರಿದ ಅಕ್ಕನಿಗೆ ಅದೇ ಇಪ್ಪತ್ತೊಂದು ತುಂಬಿದಾಗ ಅಪ್ಪನ ಅರ್ಜಿಯಿಂದ ಅವಳ ಹೆಸರು ಕಳಚಿಹೋಗಿ, ಬೆಳೆದ ಊರಿನಲ್ಲೇ ಅವಳು ವಿದೇಶಿ ವಿದ್ಯಾರ್ಥಿನಿಯಾಗಬೇಕಾಗುತ್ತದೆ. ತಮ್ಮನು ಅಕ್ಕನ ಪರವಾಗಿಯೂ ಅರ್ಜಿ ಹಾಕಬಹುದೆಂದು ಕಾಯಿದೆ ದೊಡ್ಡ ಮನಸ್ಸಿನಿಂದ ಹೇಳಿದೆ. ಒಡಹುಟ್ಟಿದವರ ಆ ಸಾಲಿನಲ್ಲಿ 2025ರಲ್ಲಿ ಭಾರತದವರಿಗೆ 2006ನೆಯ ಇಸವಿ ನಡೆಯುತ್ತಿತ್ತು.